ಕಡಿಮೆ ಖರ್ಚಿನಲ್ಲಿ ನಾಣ್ಯ ಸಂಗ್ರಹ

ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ರಾಯಚೂರು ಜಿಲ್ಲೆಗಳ ನೆಲಕ್ಕೆ ನೀರುಣಿಸಿ ಪೂರ್ವಕ್ಕೆ ಹರಿಯುವ ಕೃಷ್ಣಾ ನದಿಯು ವಿಜಯವಾಡವನ್ನು ತಲುಪುವುದಕ್ಕೆ ಸ್ವಲ್ಪ ಮೊದಲು ಇಬ್ರಾಹಿಂಪಟ್ನಂ ಎಂಬ ಊರಿನ ಬದಿಯಲ್ಲಿ ಹಾದುಹೋಗುತ್ತದೆ. ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ಈ ಊರು ಇಂದು ಹೆಸರಾಗಿದೆ. ಅದಕ್ಕೆ ಹೊಂದಿಕೊಂಡಂತಿರುವ ಕೊಂಡಪಲ್ಲಿಯು ತನ್ನ ಕೋಟೆಗೂ ಮರದ ಗೊಂಬೆಗಳಿಗೂ ಪ್ರಸಿದ್ಧವಾಗಿದೆ. ಇಂತಹ ಒಂದು ಊರಿನ ಸಂತೆಯಲ್ಲಿ ಎರಡು ಸಾವಿರ ವರ್ಷಗಳಿಂದ ಯಾವ ಯಾವ ನಾಣ್ಯಗಳು ಕೈಯಿಂದ ಕೈಗೆ ಸಾಗಿರಬಹುದು ಎಂದು ಯೋಚಿಸಿದರೆ, ನಾಣ್ಯ ಸಂಗ್ರಹವೆಂಬ ಹವ್ಯಾಸದ ಸ್ವಾರಸ್ಯ ತಾನಾಗಿ ತಿಳಿಯುತ್ತದೆ.

ಮೊದಲಿಗೆ ಶಾತವಾಹನರ ಸೀಸದ ನಾಣ್ಯಗಳು. ಕೃಷ್ಣಾ ತೀರದ ಈ ಪ್ರದೇಶದಲ್ಲಿ ಅವು ಹೇರಳವಾಗಿ ದೊರೆತಿವೆ. ಕರ್ನಾಟಕದ ಚಂದ್ರವಳ್ಳಿ, ಬನವಾಸಿ, ಸನ್ನತಿಗಳಲ್ಲಿಯೂ ಶಾತವಾಹನರ ನಾಣ್ಯಗಳು ದೊರೆತಿವೆ. ಬಳಿಕ, ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನು ಏಳನೆಯ ಶತಮಾನದಲ್ಲಿ ವೆಂಗಿಯಲ್ಲಿ ಸ್ಥಾಪಿಸಿದ ಪೂರ್ವ ಚಾಲುಕ್ಯರ ನಾಣ್ಯಗಳು. ಅವುಗಳ ಮೇಲೆ ಅವನ ಬಿರುದಾದ ‘ವಿಷಮಸಿದ್ಧಿ’ ಎಂಬ ಬರಹವಿದೆ. ಅದೇ ವಂಶದ ಶಕ್ತಿವರ್ಮನ ಚಿನ್ನದ ನಾಣ್ಯಗಳ ಮೇಲೆ ಬಾದಾಮಿಯ ವರಾಹ ಲಾಂಛನವನ್ನೂ, ಕನ್ನಡ ತೆಲುಗುಗಳು ಇನ್ನೂ ಬೇರೆ ಬೇರೆ ಲಿಪಿಗಳಾಗದಿದ್ದ ಕಾಲದ ಅಕ್ಷರಗಳನ್ನೂ ಕಾಣಬಹುದು. 16ನೆಯ ಶತಮಾನದ ಎರಡನೆಯ ದಶಕದಲ್ಲಿ ಕೃಷ್ಣದೇವರಾಯನು ಕೊಂಡಪಲ್ಲಿ ಕೋಟೆಯನ್ನು ಗಜಪತಿಗಳಿಂದ ಗೆದ್ದುಕೊಂಡನು. ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ನಾಗರಿ ಬರಹದ ಅವನ ನಾಣ್ಯಗಳು ಆಗ ಹಂಪೆಯ ಪೇಟೆಗೂ ಕೊಂಡಪಲ್ಲಿಯ ಪೇಟೆಗೂ ಸಮಾನವಾದವು. ಅನಂತರ ಗೋಲ್ಕೊಂಡದ ಕುತುಬ್‌ಶಾಹಿ ಸುಲ್ತಾನರ ತಾಮ್ರದ ಕಾಸುಗಳು ಬಂದವು.

ಈ ಸಾಲಿನಲ್ಲಿ ಇನ್ನೂ ಒಂದು ನಾಣ್ಯವನ್ನು ವಿಶೇಷವಾಗಿ ಹೆಸರಿಸಬೇಕು. ಕೊಂಡಪಲ್ಲಿಯೂ ಸೇರಿದಂತೆ ‘ಉತ್ತರ ಸರ್ಕಾರ’ಗಳೆಂದು ಕರೆಯಲಾಗುತ್ತಿದ್ದ ಜಿಲ್ಲೆಗಳು 18ನೆಯ ಶತಮಾನದ ಉತ್ತರಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಈ ಜಿಲ್ಲೆಗಳ ಬಳಕೆಗಾಗಿಯೇ ಕಂಪನಿಯು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ 1794ರಲ್ಲಿ ತಾಮ್ರದ ನಾಣ್ಯಗಳನ್ನು ಮಾಡಿಸಿ ತಂದಿತು. ಇಂತಹ 48 ನಾಣ್ಯಗಳು ಒಂದು ರೂಪಾಯಿಗೆ ಸಮ ಎಂಬ ಮಾತು ಅವುಗಳ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದುವರೆಗೆ ಅಚ್ಚಿನ ಮೇಲೆ ಸುತ್ತಿಗೆಯಿಂದ ಹೊಡೆದು ಮಾಡಿದ, ಒಂದರಂತೆ ಇನ್ನೊಂದಿಲ್ಲದ ಕಾಸುಗಳನ್ನೇ ಕಂಡಿದ್ದ ರೈತನಿಗೆ, ಉಗಿಯಂತ್ರದಿಂದ ತಯಾರಾದ, ಅಂಚು ಸಮನಾದ ಈ ಬಿಲ್ಲೆಯು ಹೊಸ ಕಾಲವೊಂದರ ಆಗಮನವನ್ನು ಸಾರಿತು. ಯಾವ ಅರಮನೆಯೂ ಇಲ್ಲದ ಊರಿಗೂ ಹೀಗೆ ಒಂದು ಹಿಡಿ ಚಿಲ್ಲರೆಯಷ್ಟು ಇತಿಹಾಸವಿರುತ್ತದೆ.

ಇಷ್ಟನ್ನು ಕೇಳಿದೊಡನೆ ಸಾಮಾನ್ಯರ ಮನಸ್ಸಿನಲ್ಲಿ ಒಂದು ಶಂಕೆ ಏಳುವುದು ಸಹಜ. ನಾಣ್ಯ ಸಂಗ್ರಹವು ಶ್ರೀಮಂತರ ಹವ್ಯಾಸವಲ್ಲವೆ, ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ, ಶಾಲೆಯ ಮಕ್ಕಳಿಗೆ ಅದು ಎಟಕುವುದೆ ಎಂಬುದೇ ಆ ಶಂಕೆ. ಚಿನ್ನದ ವರಾಹಗಳನ್ನೂ ಬೆಳ್ಳಿಯ ಅಪೂರ್ವ ನಾಣ್ಯಗಳನ್ನೂ ಕೂಡಿಸಲು ಹಣ ಬೇಕು ಎಂಬುದು ನಿಜ. ಆದರೆ ಹವ್ಯಾಸವನ್ನು ಆರಂಭಿಸಲು ಅವು ಬೇಕಿಲ್ಲ. ಆರಂಭಕ್ಕೆ ಬೇಕಾದುದು ಮನೆಯ ಚಿಲ್ಲರೆ ಡಬ್ಬಿ, ಒಂದು ಭೂತಗನ್ನಡಿ, ಒಂದು ನೋಟು ಪುಸ್ತಕ ಮತ್ತು ತಾಳ್ಮೆ ಮಾತ್ರ. ಚಲಾವಣೆಯಲ್ಲಿರುವ ನಾಣ್ಯವನ್ನು ತೆಗೆದಿರಿಸಿದರೆ ಆಗುವ ವೆಚ್ಚ ಅದರ ಮುಖಬೆಲೆಯಷ್ಟೇ. ಇನ್ನೂ ಉತ್ತಮವಾದ ಪ್ರತಿ ಸಿಕ್ಕಾಗ ಹಳೆಯದನ್ನು ಅಂಗಡಿಯಲ್ಲಿ ಕೊಟ್ಟುಬಿಡಬಹುದಾದ್ದರಿಂದ ಆ ವೆಚ್ಚವೂ ಕೈಬಿಡುವುದಿಲ್ಲ.

ಚಿಲ್ಲರೆಯಲ್ಲಿ ನೋಡಬೇಕಾದುದೇನು? ಮೊದಲನೆಯದು ಇಸವಿ. ಎರಡನೆಯದು ಇಸವಿಯ ಕೆಳಗೆ ಇರುವ ಟಂಕಸಾಲೆಯ ಚಿಹ್ನೆ. ಭಾರತ ಸರ್ಕಾರದ ನಾಲ್ಕು ಟಂಕಸಾಲೆಗಳಲ್ಲಿ ಮುಂಬಯಿಯದು ಸಾಮಾನ್ಯವಾಗಿ ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, 1988ರಲ್ಲಿ ಕೆಲಸ ಆರಂಭಿಸಿದ ನೋಯಿಡಾದ್ದು ದುಂಡನೆಯ ಚುಕ್ಕಿ. ಕೋಲ್ಕತದ ನಾಣ್ಯಗಳಿಗೆ ಯಾವ ಚಿಹ್ನೆಯೂ ಇಲ್ಲ. ಹೊಸಬರು ಚಿಹ್ನೆಯಿಲ್ಲದ ನಾಣ್ಯವನ್ನು ಕಂಡು ಅದು ಟಂಕಸಾಲೆಯ ತಪ್ಪಿನಿಂದ ಹುಟ್ಟಿದ ಅಪೂರ್ವ ವಸ್ತುವೆಂದು ಭಾವಿಸುವುದುಂಟು. ಅದು ಕೇವಲ ಕೋಲ್ಕತದ ನಾಣ್ಯ. ಬೇಡಿಕೆ ಹೆಚ್ಚಿದ ವರ್ಷಗಳಲ್ಲಿ ನಮ್ಮ ನಾಣ್ಯಗಳನ್ನು ಹೊರದೇಶಗಳಲ್ಲಿಯೂ ಅಚ್ಚು ಹಾಕಿಸಲಾಗಿದೆ. 1985ರ ಕೆಲವು ಒಂದು ರೂಪಾಯಿ ನಾಣ್ಯಗಳ ಮೇಲೆ ಕಾಣುವ ‘ಎಚ್’ ಎಂಬ ಇಂಗ್ಲಿಷ್ ಅಕ್ಷರವು ಅವು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯವು ಎಂಬುದನ್ನು ತಿಳಿಸುತ್ತದೆ. ಹೀಗೆ ಒಂದೇ ಮುಖಬೆಲೆಯ ನಾಣ್ಯವನ್ನು ಇಸವಿ ಮತ್ತು ಟಂಕಸಾಲೆಯ ಪ್ರಕಾರ ಕೂಡಿಸುತ್ತ ಹೋದರೆ ಅದೇ ಒಂದು ಸಂಪೂರ್ಣ ಸಂಗ್ರಹವಾಗುತ್ತದೆ.

ಮೂರನೆಯದು ಲೋಹ. ನಾಣ್ಯದ ಲೋಹದಲ್ಲಿ ದೇಶದ ಆರ್ಥಿಕ ಚರಿತ್ರೆಯೇ ಅಡಗಿರುತ್ತದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿಯಿರುತ್ತಿತ್ತು. ಎರಡನೆಯ ಮಹಾಯುದ್ಧದ ಒತ್ತಡದಿಂದ 1940ರಲ್ಲಿ ಅದು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್ಲಿನದು. ಅದೇ ಯುದ್ಧಕಾಲದಲ್ಲಿ ತಾಮ್ರವನ್ನು ಉಳಿಸಲೆಂದು ನಡುವೆ ರಂಧ್ರವಿರುವ ಪೈಸೆಯನ್ನು 1943ರಿಂದ ಹೊರಡಿಸಲಾಯಿತು. ಹಿರಿಯರು ಅದನ್ನು ‘ತೂತು ಕಾಸು’ ಎಂದು ಇಂದಿಗೂ ನೆನೆಯುತ್ತಾರೆ. ಹಳೆಯ ಮನೆಗಳಲ್ಲಿ ಮಕ್ಕಳ ಉಡಿದಾರದಲ್ಲೋ ದೇವರ ಪೆಟ್ಟಿಗೆಯಲ್ಲೋ ಅದು ಈಗಲೂ ಸಿಕ್ಕುವುದುಂಟು.

ಸ್ವತಂತ್ರ ಭಾರತದ ನಾಣ್ಯಗಳು ಹೊಸ ಸಂಗ್ರಾಹಕನಿಗೆ ಅತ್ಯಂತ ಸೂಕ್ತವಾದ ಕ್ಷೇತ್ರ. 1950ರಲ್ಲಿ ಅಶೋಕಸ್ತಂಭದ ಸಿಂಹಗಳನ್ನು ಹೊತ್ತ ಮೊದಲ ನಾಣ್ಯಮಾಲೆ ಹೊರಬಂದಿತು. ಆಗಿನ್ನೂ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈಗಳ ಲೆಕ್ಕ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ಪೈಸೆಗಳಾದವು. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಇವನ್ನು ‘ನಯಾ ಪೈಸೆ’ ಎಂದು ಕರೆಯಲಾಯಿತು. 1964ರಲ್ಲಿ ‘ನಯಾ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಓದು ಬಾರದವರೂ ಮುಟ್ಟಿ ಗುರುತಿಸುವಂತೆ ಐದು ಪೈಸೆಗೆ ಚೌಕಾಕಾರ, ಎರಡು ಮತ್ತು ಹತ್ತು ಪೈಸೆಗಳಿಗೆ ಅಲೆಯಂಚಿನ ಆಕಾರ, 1964ರಲ್ಲಿ ಬಂದ ಮೂರು ಪೈಸೆಗೆ ಆರು ಮೂಲೆಗಳು. ಒಂದು ಪೈಸೆಯೊಂದನ್ನೇ ನೋಡಿದರೂ ಅದು ಮೊದಲು ಕಂಚಿನಲ್ಲಿ, ಬಳಿಕ ನಿಕ್ಕಲ್-ಹಿತ್ತಾಳೆಯಲ್ಲಿ, 1965ರಿಂದ ಅಲ್ಯೂಮಿನಿಯಮ್ಮಿನಲ್ಲಿ ತಯಾರಾಯಿತು. ಲೋಹದ ಬೆಲೆ ಏರಿದಂತೆಲ್ಲ ಪೈಸೆ ಹಗುರವಾಗುತ್ತ ಹೋಯಿತು. 1988ರಲ್ಲಿ ಹತ್ತು, ಇಪ್ಪತ್ತೈದು ಮತ್ತು ಐವತ್ತು ಪೈಸೆಗಳು ತುಕ್ಕು ಹಿಡಿಯದ ಉಕ್ಕಿನಲ್ಲಿ ಬಂದವು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ ಕಾನೂನುಬದ್ಧವಾಗಿ ಕೊನೆಗೊಂಡಿತು. ‘ನಾಲ್ಕಾಣೆ’ ಎಂದು ಕನ್ನಡಿಗರೂ ‘ಪಾವಲಾ’ ಎಂದು ತೆಲುಗರೂ ಕರೆಯುತ್ತಿದ್ದ ನಾಣ್ಯವು ಹೀಗೆ ಮಾತಿನಲ್ಲಿ ಮಾತ್ರ ಉಳಿಯಿತು. ಅವುಗಳನ್ನು ಸಂಗ್ರಹಕ್ಕಾಗಿ ಇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹೊಸ ಕಡೆಯಿಂದ ಆರಂಭಿಸುವವರು 2019ರ ಮಾಲೆಯನ್ನು ಕೂಡಿಸಬಹುದು. ಹನ್ನೆರಡು ಅಂಚುಗಳ ಇಪ್ಪತ್ತು ರೂಪಾಯಿಯು ಆ ಮಾಲೆಗೆ ಸೇರಿದ್ದು. ದೃಷ್ಟಿದೋಷವುಳ್ಳವರಿಗೂ ಗುರುತು ಸಿಕ್ಕುವಂತೆ ಅದನ್ನು ರೂಪಿಸಲಾಗಿದೆ.

ಸ್ಮಾರಕ ನಾಣ್ಯಗಳು ಇನ್ನೊಂದು ಸುಲಭ ಮಾರ್ಗ. 1964ರಲ್ಲಿ ಜವಾಹರಲಾಲ್ ನೆಹರೂ ಅವರ ನೆನಪಿಗೆ, 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಗೆ ನಾಣ್ಯಗಳು ಹೊರಬಂದವು. 1970ರ ದಶಕದಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಆಶಯದಂತೆ ಆಹಾರೋತ್ಪಾದನೆಯನ್ನು ಕುರಿತ ನಾಣ್ಯಗಳ ಸಾಲೇ ಬಂದಿತು. 2006ರಲ್ಲಿ ಬಸವೇಶ್ವರರ ನೆನಪಿನ ಐದು ರೂಪಾಯಿ ನಾಣ್ಯ ಹೊರಟಿತು. ಇಂತಹ ನಾಣ್ಯಗಳಲ್ಲಿ ಅನೇಕವು ಚಲಾವಣೆಗೂ ಬಂದವಾದ್ದರಿಂದ ಬಸ್ಸಿನ ಚಿಲ್ಲರೆಯಲ್ಲಿಯೂ ದೊರೆಯಬಹುದು. ಬೆಳ್ಳಿಯ ದೊಡ್ಡ ಮುಖಬೆಲೆಯ ಸ್ಮಾರಕ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಗಳು ಪ್ರತ್ಯೇಕವಾಗಿ ಮಾರುತ್ತವೆ. ಮಿತವ್ಯಯದವರು ಅವುಗಳನ್ನು ಸದ್ಯಕ್ಕೆ ಬಿಡುವುದು ಲೇಸು.

ಚಿಲ್ಲರೆಯಲ್ಲಿ ಕಣ್ಣು ಪಳಗಿದ ಮೇಲೆ ಹಳೆಯ ತಾಮ್ರದ ಕಾಸುಗಳ ಕಡೆ ತಿರುಗಬಹುದು. ಅಪಾರ ಸಂಖ್ಯೆಯಲ್ಲಿ ತಯಾರಾಗಿ ಬಡವರ ಕೈಯಲ್ಲಿ ಓಡಾಡಿದ ತಾಮ್ರವು ಚಿನ್ನ ಬೆಳ್ಳಿಗಳಿಗಿಂತ ಇಂದಿಗೂ ಬಹಳ ಅಗ್ಗ. ಕನ್ನಡಿಗರಿಗೆ ಮೈಸೂರಿನ ಕಾಸುಗಳಿಗಿಂತ ಉತ್ತಮವಾದ ಪಾಠವಿಲ್ಲ. ಟಿಪ್ಪು ಸುಲ್ತಾನನ ಆನೆಯ ಚಿತ್ರದ ಪೈಸೆಗಳು ಶ್ರೀರಂಗಪಟ್ಟಣ, ನಗರ, ಇಂದು ಆಂಧ್ರದಲ್ಲಿರುವ ಗುತ್ತಿ ಮೊದಲಾದ ಟಂಕಸಾಲೆಗಳಲ್ಲಿ ತಯಾರಾದವು. ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದನ್ನು ತಿಳಿಯದವರು ಕಾಲವನ್ನೇ ತಪ್ಪಾಗಿ ಗ್ರಹಿಸುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳ ಮೇಲೆ ಮೊದಲು ಆನೆ, ಬಳಿಕ ಸಿಂಹ ಕಾಣುತ್ತವೆ. ‘ಮಯಿಲಿ ಕಾಸು’ ಎಂಬ ಕನ್ನಡ ಬರಹದೊಡನೆ ಇಂಗ್ಲಿಷ್ ಅಕ್ಷರಗಳೂ, ಕೆಲವು ಬಗೆಗಳಲ್ಲಿ ಪರ್ಷಿಯನ್ ಲಿಪಿಯೂ ಒಂದೇ ಬಿಲ್ಲೆಯ ಮೇಲಿವೆ. ಆಳುವವರು, ಆಡಳಿತ ನಡೆಸುವವರು, ಕಾಸು ಎಣಿಸುವವರು ಯಾರು ಯಾರೆಂಬುದನ್ನು ಆ ಮೂರು ಲಿಪಿಗಳು ಒಟ್ಟಿಗೆ ಹೇಳುತ್ತವೆ.

ಕೊಳ್ಳುವಾಗ ಒಂದು ನಿಯಮವನ್ನು ಪಾಲಿಸುವುದು ಕ್ಷೇಮ. ಮೊದಲು ಪುಸ್ತಕ, ಆಮೇಲೆ ನಾಣ್ಯ. ಡಾ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು ಬರೆದ ಗ್ರಂಥದಂತಹ ಅಧಿಕೃತ ಕೃತಿಗಳು ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಓದುವುದಕ್ಕೆ ಖರ್ಚಿಲ್ಲ. ನೋಡುವುದಕ್ಕೂ ಹೆಚ್ಚಿನ ಖರ್ಚಿಲ್ಲ. ಇಬ್ರಾಹಿಂಪಟ್ನಂ ಸುತ್ತಿನವರಿಗೆ ವಿಜಯವಾಡದ ಬಾಪು ವಸ್ತುಸಂಗ್ರಹಾಲಯವಿದೆ. ಹೈದರಾಬಾದಿನ ಸೈಫಾಬಾದಿನಲ್ಲಿ ನಿಜಾಮರ ಕಾಲದ ಟಂಕಸಾಲೆಯ ಕಟ್ಟಡವೇ 2022ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕು ರೂಪಿಸಿದ ನಾಣ್ಯ ಸಂಗ್ರಹಾಲಯ, ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕು 2004ರಲ್ಲಿ ಸ್ಥಾಪಿಸಿದ ಹಣದ ವಸ್ತುಸಂಗ್ರಹಾಲಯ ಇವೆಲ್ಲವೂ ಹೊಸಬರ ಪಾಠಶಾಲೆಗಳು. ನೂರು ಅಸಲಿ ನಾಣ್ಯಗಳನ್ನು ಕಂಡ ಕಣ್ಣನ್ನು ಒಂದು ನಕಲಿ ನಾಣ್ಯವು ಸುಲಭವಾಗಿ ವಂಚಿಸಲಾರದು.

ನಕಲಿಗಳ ವಿಷಯದಲ್ಲಿ ಎಚ್ಚರಿಕೆ ಅತ್ಯಗತ್ಯ. ರಾಮ, ಸೀತೆ, ಹನುಮಂತರ ಚಿತ್ರವೂ 1818ರ ಇಸವಿಯೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ ಇರುವ ಬಿಲ್ಲೆಗಳನ್ನು ಜಾತ್ರೆಗಳಲ್ಲಿ ಮಾರುವುದುಂಟು. ಕಂಪನಿಯು ಅಂತಹ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಅವು ಈಚೆಗೆ ಮಾಡಿದ ಕಲ್ಪನೆಯ ಬಿಲ್ಲೆಗಳು. ಎರಕ ಹೊಯ್ದ ನಕಲಿಗಳಲ್ಲಿ ಅಂಚಿನ ಸುತ್ತ ಬೆಸುಗೆಯಂತಹ ಗೆರೆ, ಮೈಮೇಲೆ ಸಣ್ಣ ಗುಳಿಗಳು ಕಾಣುತ್ತವೆ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಸವೆತಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಸಂಶಯಪಡಬೇಕು. ಬೆಳ್ಳಿಯು ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದೂ ಒಂದು ಸರಳ ಪರೀಕ್ಷೆ.

ಇದಕ್ಕಿಂತ ದೊಡ್ಡ ಅಪಾಯ ಆಸೆಯದು. ಮನೆಯಲ್ಲಿರುವ ಒಂದು ಹಳೆಯ ಐದು ರೂಪಾಯಿಗೆ ಲಕ್ಷಾಂತರ ರೂಪಾಯಿ ಸಿಗುತ್ತದೆ, ಮುಂಗಡವಾಗಿ ಶುಲ್ಕ ಕಟ್ಟಿದರೆ ಸಾಕು ಎಂಬ ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಂಡವರಿದ್ದಾರೆ. 2012ರಲ್ಲಿ ಹೊರಬಂದ ಮಾತಾ ವೈಷ್ಣೋದೇವಿಯ ನಾಣ್ಯಗಳ ಬಗ್ಗೆ ಇಂತಹ ವದಂತಿಗಳು ಬಹಳವಾಗಿ ಹಬ್ಬಿದವು. ನಾಣ್ಯ ಅಸಲಿಯೇ, ಆದರೆ ಲಕ್ಷದ ಬೆಲೆ ಕಟ್ಟುಕತೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಇಂತಹ ವಂಚನೆ ನಡೆದುದರಿಂದ, ತಾನು ಹಳೆಯ ನೋಟು ನಾಣ್ಯಗಳ ಕ್ರಯವಿಕ್ರಯದಲ್ಲಿ ತೊಡಗಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ತಿಳಿಸಬೇಕಾಯಿತು. ಮಾರುವಾಗ ಯಾರಾದರೂ ಮೊದಲು ಹಣ ಕೇಳಿದರೆ ಅಲ್ಲಿಗೇ ವ್ಯವಹಾರವನ್ನು ನಿಲ್ಲಿಸುವುದು ಜಾಣತನ. ನಾಣ್ಯದ ಬೆಲೆಯನ್ನು ಅದರ ವಯಸ್ಸು ನಿರ್ಧರಿಸುವುದಿಲ್ಲ. ಎಷ್ಟು ಉಳಿದಿವೆ, ಎಂತಹ ಸ್ಥಿತಿಯಲ್ಲಿವೆ, ಬಯಸುವವರು ಎಷ್ಟು ಮಂದಿ ಎಂಬ ಮೂರು ಸಂಗತಿಗಳು ನಿರ್ಧರಿಸುತ್ತವೆ. ಆದ್ದರಿಂದಲೇ ಎರಡು ಸಾವಿರ ವರ್ಷದ ಸವೆದ ಸೀಸದ ಕಾಸು ಕೆಲವು ವೇಳೆ ಐವತ್ತು ವರ್ಷದ ನಾಣ್ಯಕ್ಕಿಂತ ಅಗ್ಗವಾಗಿರುತ್ತದೆ.

ಸಂಗ್ರಹಿಸಿದುದನ್ನು ಕಾಪಾಡುವುದು ಮುಂದಿನ ಕರ್ತವ್ಯ. ಹುಣಿಸೆಹಣ್ಣು, ನಿಂಬೆರಸ, ಬೂದಿ, ಪಾಲಿಷ್ ಪುಡಿಗಳಿಂದ ನಾಣ್ಯವನ್ನು ಉಜ್ಜಿ ಹೊಳೆಯಿಸುವುದು ಹೊಸಬರು ಮಾಡುವ ಅತಿ ದೊಡ್ಡ ಹಾನಿ. ಕಾಲ ಕೊಟ್ಟ ಮೇಲ್ಪದರವೂ ಅದರೊಡನೆ ಅಕ್ಷರಗಳ ಅಂಚೂ ಅಳಿದುಹೋಗುತ್ತವೆ, ಬೆಲೆಯೂ ಕುಸಿಯುತ್ತದೆ. ನಾಣ್ಯವನ್ನು ಬೆರಳುಗಳ ತುದಿಯಿಂದ ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆವರು ತಾಮ್ರಕ್ಕೆ ಶತ್ರು. ಅಗ್ಗದ ಪಿ.ವಿ.ಸಿ. ಪ್ಲಾಸ್ಟಿಕ್ ಚೀಲಗಳು ಕಾಲಕ್ರಮದಲ್ಲಿ ನಾಣ್ಯಕ್ಕೆ ಹಸಿರು ಲೋಳೆ ಹಿಡಿಸುತ್ತವೆ. ಅವುಗಳ ಬದಲು ಆಮ್ಲರಹಿತ ಕಾಗದದ ಸಣ್ಣ ಲಕೋಟೆಗಳು ಸಾಕು. ನದಿತೀರದ, ಕರಾವಳಿಯ ಊರುಗಳಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿರಬೇಕು. ಸೀಸದ ನಾಣ್ಯಗಳನ್ನು ಮರದ ಪೆಟ್ಟಿಗೆಯಲ್ಲಿ ಇಡಬಾರದು. ಮರದಿಂದ ಹೊಮ್ಮುವ ಆಮ್ಲದ ಆವಿಯು ಸೀಸವನ್ನು ಬಿಳಿಯ ಪುಡಿಯಾಗಿಸುತ್ತದೆ. ಪ್ರತಿ ಲಕೋಟೆಯ ಮೇಲೆ ಮುಖಬೆಲೆ, ಇಸವಿ, ಟಂಕಸಾಲೆ, ಲೋಹ, ತೂಕಗಳನ್ನೂ, ಎಲ್ಲಿ ಯಾವಾಗ ಎಷ್ಟಕ್ಕೆ ದೊರೆಯಿತು ಎಂಬುದನ್ನೂ ಬರೆದಿಡಬೇಕು.

ಕಾನೂನಿನ ಕೆಲವು ವಿಷಯಗಳನ್ನು ಪ್ರತಿಯೊಬ್ಬ ಹವ್ಯಾಸಿಯೂ ತಿಳಿದಿರಬೇಕು. 2011ರ ನಾಣ್ಯ ಕಾಯಿದೆಯ ಪ್ರಕಾರ ಸರ್ಕಾರಿ ನಾಣ್ಯಗಳನ್ನು ಕರಗಿಸುವುದು, ಕತ್ತರಿಸುವುದು ಅಪರಾಧ. ನೂರು ವರ್ಷಕ್ಕೂ ಹಳೆಯ ನಾಣ್ಯಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರ ನಡೆಸುವವರು ಪರವಾನಗಿ ಹೊಂದಿರಬೇಕಾದ್ದರಿಂದ, ರಶೀದಿ ಕೊಡುವ ವ್ಯಾಪಾರಿಯಿಂದಲೇ ಕೊಳ್ಳುವುದು ಉಚಿತ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯಗಳ ನಿಧಿ ಸಿಕ್ಕಿದರೆ 1878ರ ನಿಕ್ಷೇಪ ನಿಧಿ ಕಾಯಿದೆಯಂತೆ ಜಿಲ್ಲಾ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕದಲ್ಲಿಯೂ ಇದೇ ಉದ್ದೇಶದ ಕಾನೂನಿದೆ.

ಈ ಕೊನೆಯ ನಿಯಮವು ಕೇವಲ ಸರ್ಕಾರದ ಹಕ್ಕಿನ ಪ್ರಶ್ನೆಯಲ್ಲ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲ್ವೆ ಕಾಮಗಾರಿಯ ವೇಳೆ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ನಡೆಸಿದ ಉತ್ಖನನದಿಂದ ನಾಣ್ಯಗಳನ್ನು ಮಣ್ಣಿನ ಪದರಗಳೊಡನೆ ಓದುವುದು ಸಾಧ್ಯವಾಯಿತು. ಯಾವ ನಾಣ್ಯ ಎಲ್ಲಿ, ಯಾವುದರ ಜೊತೆಗೆ ಸಿಕ್ಕಿತು ಎಂಬುದು ತಿಳಿದುದರಿಂದಲೇ ಎರಡು ಸಾವಿರ ವರ್ಷಗಳ ಹಿಂದಿನ ಕನ್ನಡ ನಾಡಿಗೂ ರೋಮ್ ಸಾಮ್ರಾಜ್ಯಕ್ಕೂ ಇದ್ದ ವ್ಯಾಪಾರ ಸಂಬಂಧ ಬೆಳಕಿಗೆ ಬಂದಿತು. ಅದೇ ನಾಣ್ಯಗಳು ಸದ್ದಿಲ್ಲದೆ ಹಂಚಿಹೋಗಿ ಅಕ್ಕಸಾಲಿಗನ ಮೂಸೆಯನ್ನು ಸೇರಿದ್ದರೆ ಸಿಗುತ್ತಿದ್ದುದು ಒಂದೆರಡು ಬೆಳ್ಳಿಯ ಕಾಲ್ಗಡಗ ಮಾತ್ರ. ಹೀಗೆ ಕರಗಿ ತಂಬಿಗೆಯಾದ ತಾಮ್ರದ ಕಾಸುಗಳ ಲೆಕ್ಕವನ್ನು ಇಟ್ಟವರಿಲ್ಲ. ಅವುಗಳೊಡನೆ ಯಾವ ಅರಸನ ಹೆಸರು, ಯಾವ ಊರಿನ ಸಂತೆಯ ಸುಳಿವು ಅಳಿಯಿತೆಂಬುದನ್ನು ಇನ್ನು ಯಾರೂ ಹೇಳಲಾರರು.

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬ ಗಾದೆ ಈ ಹವ್ಯಾಸಕ್ಕೂ ಸಲ್ಲುತ್ತದೆ. ಮೊದಲ ಆರು ತಿಂಗಳು ಚಿಲ್ಲರೆಯಲ್ಲಿ ಸಿಕ್ಕಿದ್ದನ್ನಷ್ಟೇ ಕೂಡಿಸಿ, ಗುರುತಿಸಿ, ಬರೆದಿಡುವುದು; ಬಳಿಕ ತಿಂಗಳಿಗೆ ನೂರು ರೂಪಾಯಿಯಂತಹ ಸಣ್ಣ ಮೊತ್ತವನ್ನು ಗೊತ್ತುಮಾಡಿಕೊಂಡು, ಅದು ಕೂಡಿದಾಗ ಹತ್ತು ಸವೆದ ನಾಣ್ಯಗಳ ಬದಲು ಅಕ್ಷರ ಸ್ಪಷ್ಟವಾಗಿರುವ ಒಂದೇ ನಾಣ್ಯವನ್ನು ಕೊಳ್ಳುವುದು; ಇದಿಷ್ಟು ಸಾಮಾನ್ಯ ಕುಟುಂಬಕ್ಕೂ ಭಾರವಾಗದ ಕ್ರಮ. ಇಬ್ರಾಹಿಂಪಟ್ನಂನಲ್ಲಿ ನೆಲೆಸಿದ ಕನ್ನಡ ಕುಟುಂಬವಾಗಲಿ, ರಾಯಚೂರಿನ ತೆಲುಗು ಕುಟುಂಬವಾಗಲಿ ತಮ್ಮ ಅಜ್ಜಿಯ ಪೆಟ್ಟಿಗೆಯನ್ನು ತೆರೆದು, ಅಲ್ಲಿರುವ ನಾಲ್ಕಾರು ಕಾಸುಗಳು ಎಲ್ಲಿಂದ ಬಂದವೆಂದು ಹಿರಿಯರನ್ನು ಕೇಳಿ ಬರೆದಿಟ್ಟರೆ ಅದೇ ಉತ್ತಮ ಆರಂಭ. ಕಾಸು ಮುಂದೆಯೂ ಪೆಟ್ಟಿಗೆಯಲ್ಲಿ ಉಳಿದೀತು. ಅದರ ಕಥೆಯನ್ನು ಬಲ್ಲ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.